ಅಂತರರಾಷ್ಟ್ರೀಯ ವಿದ್ವತ್ ಸಂಘದಲ್ಲಿ ಹೆಸರಿಗಷ್ಟೇ ಸದಸ್ಯರಾಗಿ ಉಳಿಯದಿರಲು: ಉತ್ತರ ಕನ್ನಡದ ಅಧ್ಯಾಪಕರು ಮತ್ತು ಸಂಶೋಧಕರಿಗೆ ಕೆಲವು ಸಲಹೆಗಳು

ವಿದೇಶದಲ್ಲಿ ಕಚೇರಿಯಿರುವ ವಿದ್ವತ್ ಸಂಘವೊಂದರ ಸದಸ್ಯರಾಗುವುದು ಈಗ ಕಷ್ಟದ ಕೆಲಸವಲ್ಲ. ಕಾರವಾರದಲ್ಲೋ ಶಿರಸಿಯಲ್ಲೋ ಕುಳಿತು ಅರ್ಜಿ ತುಂಬಿ ಹಣ ಪಾವತಿಸಿದರೆ ಸ್ವಲ್ಪ ಹೊತ್ತಿನಲ್ಲೇ ರಸೀದಿ ಬರುತ್ತದೆ, ಮರುತಿಂಗಳಿನಿಂದ ಸುತ್ತೋಲೆಗಳು ಬರತೊಡಗುತ್ತವೆ. ಆದರೆ ವರ್ಷ ಕಳೆಯುವಷ್ಟರಲ್ಲಿ ಆ ಸುತ್ತೋಲೆಗಳನ್ನು ತೆರೆಯದೆಯೇ ಬಿಡುವ ಸದಸ್ಯರು ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಕಡಿಮೆಯಿಲ್ಲ. ಅಲ್ಲಿನ ಚರ್ಚೆ ತಮಗೆ ಸಂಬಂಧಿಸಿದ್ದಲ್ಲವೆಂದೂ, ತಾವು ಮಾತನಾಡಿದರೆ ಯಾರೂ ಕೇಳಲಾರರೆಂದೂ ಅವರಿಗೆ ಅನ್ನಿಸಿರುತ್ತದೆ.

ಶಿರಸಿ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಸಹಕಾರಿ ಸಂಘದಲ್ಲಿ ಷೇರು ಹೊಂದಿ, ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಗೆ ಬಂದು ಊಟ ಮುಗಿಸಿ ಹೋಗುವವನೂ ಸದಸ್ಯನೇ. ತನ್ನ ಅಡಿಕೆಯನ್ನು ಅಲ್ಲಿಯೇ ಟೆಂಡರಿಗೆ ಹಾಕಿ, ಧಾರಣೆ ಬಿದ್ದ ವರ್ಷ ಆಡಳಿತ ಮಂಡಳಿಯನ್ನು ಎದ್ದುನಿಂತು ಪ್ರಶ್ನಿಸುವವನೂ ಸದಸ್ಯನೇ. ‘ನಮ್ಮ ಸಂಘ’ ಎಂಬ ಮಾತು ಸಹಜವಾಗಿ ಬರುವುದು ಎರಡನೆಯವನ ಬಾಯಲ್ಲಿ. ಕೆಳಗಿನ ಸಲಹೆಗಳೆಲ್ಲ ಒಂದೇ ಕಡೆಗೆ ಕರೆದೊಯ್ಯುತ್ತವೆ: ಯಾರಾದರೂ ಸ್ವಾಗತಿಸಲಿ ಎಂದು ಕಾಯುವ ಬದಲು, ನಿಮ್ಮ ಕೈಯಿಂದ ಬರಬೇಕಾದ ಕೆಲಸವೊಂದಕ್ಕೆ ಅಲ್ಲಿ ಯಾರಾದರೂ ಕಾಯುವಂತೆ ಮಾಡಿಕೊಳ್ಳಬೇಕು.

ಇದು ಕೇವಲ ಅನುಭವದ ಮಾತಲ್ಲ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಡೇವಿಡ್ ಮೆಕ್‌ಮಿಲನ್ ಮತ್ತು ಡೇವಿಡ್ ಚಾವಿಸ್ ಸಮುದಾಯಭಾವಕ್ಕೆ ನಾಲ್ಕು ಅಂಗಗಳನ್ನು ಗುರುತಿಸಿದರು: ಸದಸ್ಯತ್ವ, ಪ್ರಭಾವ, ಅಗತ್ಯಗಳ ಪೂರೈಕೆ, ಹಂಚಿಕೊಂಡ ಭಾವನಾತ್ಮಕ ನಂಟು. ಸಂಘಗಳು ಸಾಮಾನ್ಯವಾಗಿ ಮೊದಲನೆಯದನ್ನು ಮಾರುತ್ತವೆ, ಮೂರನೆಯದನ್ನು ಜಾಹೀರಾತಿನಲ್ಲಿ ಹೇಳುತ್ತವೆ. ಎರಡನೆಯದನ್ನು, ಅಂದರೆ ತನ್ನ ಮಾತಿನಿಂದ ಇಲ್ಲಿ ಏನಾದರೂ ಬದಲಾಗುತ್ತದೆ ಎಂಬ ನಂಬಿಕೆಯನ್ನು, ಮರೆತುಬಿಡುತ್ತವೆ. 1991ರಲ್ಲಿ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಕಲಿಕೆಯನ್ನು ಕುರಿತು ಬರೆದಾಗ ಪಶ್ಚಿಮ ಆಫ್ರಿಕದ ಲೈಬೀರಿಯದ ದರ್ಜಿಗಳ ಉದಾಹರಣೆ ಕೊಟ್ಟರು. ಅಲ್ಲಿ ಹೊಸ ಹುಡುಗ ಮೊದಲು ಗುಂಡಿ ಹಚ್ಚುತ್ತಾನೆ, ಅಂಚು ಮಡಚಿ ಹೊಲಿಯುತ್ತಾನೆ. ಬಟ್ಟೆ ಕತ್ತರಿಸುವುದು ಬಹಳ ತಡವಾಗಿ ಬರುತ್ತದೆ. ಕೆಲಸ ಸಣ್ಣದಾದರೂ ಅದು ನಿಜವಾದ ಉಡುಪಿನ ಭಾಗವಾಗಿರುವುದರಿಂದ, ಮೊದಲ ದಿನದಿಂದಲೂ ಅವನು ಅಂಗಡಿಯವನೇ ಆಗಿರುತ್ತಾನೆ.

ಸಂಘವನ್ನು ಆರಿಸುವುದು

ಒಂದೇ ಸಂಘ ಸಾಕು, ಹೆಚ್ಚೆಂದರೆ ಎರಡು. ಪ್ರತಿಷ್ಠೆ ನೋಡಿ ಆರಿಸುವುದಕ್ಕಿಂತ, ನಿಮ್ಮ ಕೈಯಲ್ಲಿರುವ ಸಾಮಗ್ರಿ ಯಾರಿಗೆ ಬೇಕಾಗಿದೆ ಎಂಬುದನ್ನು ನೋಡಿ ಆರಿಸುವುದು ಲೇಸು. ಈ ವಿಷಯದಲ್ಲಿ ಉತ್ತರ ಕನ್ನಡದವರು ಬಡವರಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಿಗೆ ಹೊಂದಿಕೊಂಡಿರುವ ಸೊಪ್ಪಿನ ಬೆಟ್ಟಗಳಲ್ಲಿ ಭೂಮಿ ಸರ್ಕಾರದ್ದು, ಸೊಪ್ಪು ತರುವ ಹಕ್ಕು ತೋಟಿಗರದ್ದು. ಸಾಮೂಹಿಕ ಸಂಪನ್ಮೂಲಗಳನ್ನು ಅಧ್ಯಯನ ಮಾಡುವವರಿಗೆ ಇಂಥ ವ್ಯವಸ್ಥೆ ಬಹಳ ಕುತೂಹಲದ ವಿಷಯ. ಆ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವು 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಅವರಂಥವರು ಕಟ್ಟಿ ಬೆಳೆಸಿದ್ದು, 2011ರಲ್ಲಿ ಅದರ ಸಮ್ಮೇಳನ ಹೈದರಾಬಾದಿನಲ್ಲಿಯೇ ನಡೆದಿತ್ತು. ಕಾಂಡ್ಲಾ ಕಾಡುಗಳ ಮೇಲೆ ಕೆಲಸ ಮಾಡುವವರಿಗೆ 1990ರಲ್ಲಿ ಸ್ಥಾಪನೆಯಾದ, ಜಪಾನಿನ ಒಕಿನಾವಾದಲ್ಲಿ ಕೇಂದ್ರ ಕಚೇರಿಯಿರುವ ಮ್ಯಾಂಗ್ರೋವ್ ಸಂಘವಿದೆ. 4,801 ಹೆಕ್ಟೇರಿನ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂದು ಘೋಷಿತವಾದ ಮೇಲೆ ಅದರ ಬಗ್ಗೆ ದೂರದವರ ಆಸಕ್ತಿಯೂ ಸಹಜವಾಗಿ ಹೆಚ್ಚುತ್ತದೆ. ಆ ಅಳಿವೆಯ ದಂಡೆಯಲ್ಲಿಯೇ ಪಾಠ ಹೇಳುತ್ತಿರುವವರು ಅದನ್ನು ಬೇರೆಯವರ ಪ್ರಬಂಧಗಳಲ್ಲಿ ಮಾತ್ರ ಓದುತ್ತ ಕೂರಬೇಕಾಗಿಲ್ಲ.

ಶುಲ್ಕ ಕಟ್ಟುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಅನೇಕ ಸಂಘಗಳು ಸದಸ್ಯರ ಆದಾಯಕ್ಕೋ, ವಿಶ್ವ ಬ್ಯಾಂಕ್ ಮಾಡಿರುವ ದೇಶಗಳ ವರ್ಗೀಕರಣಕ್ಕೋ ತಕ್ಕಂತೆ ಶುಲ್ಕ ನಿಗದಿಪಡಿಸಿರುತ್ತವೆ. ಭಾರತ ಕೆಳ-ಮಧ್ಯಮ ಆದಾಯದ ದೇಶಗಳ ಸಾಲಿನಲ್ಲಿರುವುದರಿಂದ ನಮಗೆ ರಿಯಾಯಿತಿ ಸಿಗುವ ಸಾಧ್ಯತೆಯಿದೆ. ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವೇನೂ ಬೇಡ. ಎರಡನೆಯದು, ‘ಅಂತರರಾಷ್ಟ್ರೀಯ’ ಎಂಬ ಹಲಗೆ ತೂಗುಹಾಕಿಕೊಂಡು ಹಣಕ್ಕಾಗಿಯೇ ಸಮ್ಮೇಳನ ನಡೆಸುವ ಅಂಗಡಿಗಳ ಹಾವಳಿ. ಚುನಾಯಿತ ಪದಾಧಿಕಾರಿಗಳ ಪಟ್ಟಿ, ಬೈಲಾ, ಹಿಂದಿನ ವರ್ಷಗಳ ಲೆಕ್ಕಪತ್ರ ಇವುಗಳಲ್ಲಿ ಒಂದೂ ಕಾಣಿಸದಿದ್ದರೆ, ಪ್ರಬಂಧ ಓದುವ ಮೊದಲೇ ಅದು ‘ಅಂಗೀಕೃತ’ವಾಗಿದ್ದರೆ, ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಹೊಗಳಿಕೆಯ ಪತ್ರ ಬಂದರೆ, ಅದನ್ನು ಅಳಿಸಿಹಾಕಿ ಮುಂದಿನ ಕೆಲಸ ನೋಡಿ.

ಹೆಸರಿನ ತೊಡಕು

ಹೊರಗಿನವರಿಗೆ ನಾವು ಮೊದಲು ಪರಿಚಯವಾಗುವುದು ಹೆಸರಿನ ಮೂಲಕ, ಮತ್ತು ಅಲ್ಲಿಯೇ ಗೊಂದಲ ಹುಟ್ಟುತ್ತದೆ. ಹೆಗಡೆ, ಭಟ್ಟ, ನಾಯ್ಕ, ಗೌಡ, ಗಾಂವಕರ ಎಂಬ ಅಡ್ಡಹೆಸರುಗಳು ಜಿಲ್ಲೆಯ ತುಂಬ ಇವೆ. ಒಂದೇ ಮನೆಯಲ್ಲಿ ತಂದೆಯ ದಾಖಲೆಯಲ್ಲಿ ನಾಯ್ಕ ಎಂದೂ ಮಗಳ ದಾಖಲೆಯಲ್ಲಿ ನಾಯಕ ಎಂದೂ ಇರುವುದುಂಟು. ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ಲುಗಳು ಮುಂದೆ ಬಂದರಂತೂ ವಿದೇಶದ ಸಂಪಾದಕರು ಯಾವುದನ್ನು ಕುಟುಂಬದ ಹೆಸರೆಂದು ತಿಳಿಯುತ್ತಾರೋ ಹೇಳಲಾಗದು. ಆದ್ದರಿಂದ ಇಂಗ್ಲಿಷಿನಲ್ಲಿ ನಿಮ್ಮ ಹೆಸರನ್ನು ಬರೆಯುವ ಒಂದೇ ರೂಪವನ್ನು ನಿಶ್ಚಯಿಸಿಕೊಂಡು, ಪ್ರಬಂಧ, ಸದಸ್ಯತ್ವ, ಸಮ್ಮೇಳನದ ನೋಂದಣಿ ಎಲ್ಲದರಲ್ಲಿಯೂ ಅದನ್ನೇ ಬಳಸಿ. ಪಾಸ್‌ಪೋರ್ಟಿನ ರೂಪಕ್ಕೆ ಅದು ಹೊಂದಿದರೆ ಮುಂದೆ ವೀಸಾಕ್ಕಾಗಿ ಆಹ್ವಾನಪತ್ರ ಪಡೆಯುವಾಗ ತೊಂದರೆಯಾಗುವುದಿಲ್ಲ. ಇದರ ಜೊತೆಗೆ 2012ರಿಂದ ಉಚಿತವಾಗಿ ದೊರೆಯುತ್ತಿರುವ, ಸಂಶೋಧಕರಿಗೆಂದೇ ಇರುವ ಹದಿನಾರು ಅಂಕಿಗಳ ‘ಆರ್ಕಿಡ್’ (ORCID) ಗುರುತು ಸಂಖ್ಯೆಯನ್ನು ಮಾಡಿಸಿಕೊಳ್ಳಿ. (ನಮ್ಮ ಕಾಡಿನ ಸೀತಾಳೆದಂಡೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ಎಸ್. ಹೆಗಡೆ ಎಂಬ ಎಷ್ಟೇ ಜನರಿದ್ದರೂ ಆ ಸಂಖ್ಯೆ ನಿಮ್ಮೊಬ್ಬರದ್ದೇ ಆಗಿರುತ್ತದೆ.

ಸಂಬೋಧನೆಯ ವಿಷಯವೂ ಇಲ್ಲಿಯೇ ಬರಲಿ. ಸರ್, ಮೇಡಂ, ಮಾಸ್ತರರು, ಅಕ್ಕೋರು ಎಂದು ಕರೆದು ಬೆಳೆದ ನಮಗೆ ಎಪ್ಪತ್ತರ ವಯಸ್ಸಿನ ವಿದ್ವಾಂಸರನ್ನು ಬರಿಯ ಹೆಸರಿನಿಂದ ಕರೆಯುವುದು ಒಗರೆನಿಸುತ್ತದೆ. ಮೊದಲ ಪತ್ರದಲ್ಲಿ ‘ಪ್ರೊಫೆಸರ್’ ಎಂದು ಸೇರಿಸಿಯೇ ಬರೆಯಿರಿ. ಉತ್ತರದ ಕೆಳಗೆ ಅವರು ಬರಿಯ ಹೆಸರನ್ನಷ್ಟೇ ಹಾಕಿದ್ದರೆ, ಮುಂದಿನ ಪತ್ರದಲ್ಲಿ ನೀವೂ ಹಾಗೆಯೇ ಕರೆಯಬಹುದು. ಅದು ಅಗೌರವವಲ್ಲ. ‘ಸರ್’ ಎಂದು ಕರೆಯುತ್ತಲೇ ಇದ್ದರೆ ನೀವು ಸಹೋದ್ಯೋಗಿಯಲ್ಲ, ಶಿಷ್ಯ ಎಂಬ ಭಾವ ನಿಮ್ಮ ಮನಸ್ಸಿನಲ್ಲಿಯೇ ಗಟ್ಟಿಯಾಗುತ್ತ ಹೋಗುತ್ತದೆ.

ಮೊದಲ ಪತ್ರ

ಸಂಘದೊಳಗಿನ ಸಣ್ಣ ಕಾರ್ಯಗುಂಪನ್ನು ಹುಡುಕಿ, ಅದರ ಸಂಚಾಲಕರಿಗೆ ಬರೆಯಿರಿ, ಅಧ್ಯಕ್ಷರಿಗಲ್ಲ. ಆ ಪತ್ರದಲ್ಲಿ ನಿಮ್ಮ ಪದವಿಗಳ ಪಟ್ಟಿ ಬೇಡ, ‘ನಿಮ್ಮ ಅಮೂಲ್ಯ ಮಾರ್ಗದರ್ಶನವನ್ನು ಕೋರುತ್ತೇನೆ’ ಎಂಬ ಸಾಲು ಮೊದಲೇ ಬೇಡ. ಅವರು ಈಗಾಗಲೇ ಮಾಡುತ್ತಿರುವ ಕೆಲಸದ ಒಂದು ನಿರ್ದಿಷ್ಟ ಅಂಶ, ಅದಕ್ಕೆ ಹೊಂದುವ ನಿಮ್ಮ ಊರಿನ ಒಂದು ವಿವರ, ಉತ್ತರಿಸಬಹುದಾದ ಒಂದು ಪ್ರಶ್ನೆ ಇಷ್ಟಿದ್ದರೆ ಸಾಕು. ಇಂಗ್ಲಿಷಿನಲ್ಲಿ ಬರೆಯುವ ಆ ಪತ್ರದ ಸಾರ ಹೀಗಿರಬಹುದು:

‘ನಾನು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಮಳೆಗಾಲದಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಿನ ನಂತರ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಗಿನಿ-ಬಿಸ್ಸಾವಿನ ಮ್ಯಾಂಗ್ರೋವ್ ಭತ್ತದ ಗದ್ದೆಗಳ ಒಡ್ಡುಗಳ ಬಗ್ಗೆ ನಿಮ್ಮ ಗುಂಪಿನವರು ಬರೆದ ಟಿಪ್ಪಣಿಯನ್ನು ಓದಿದೆ. ನಮ್ಮಲ್ಲಿ ಒಡ್ಡು ಒಡೆದರೆ ದುರಸ್ತಿಯ ಹೊಣೆ ಯಾರದ್ದೆಂಬುದು ಊರಿಂದ ಊರಿಗೆ ಬೇರೆ. ಅಲ್ಲಿ ಆ ಖರ್ಚನ್ನು ಗದ್ದೆಯ ವಿಸ್ತೀರ್ಣದ ಮೇಲೆ ಹಂಚುತ್ತಾರೆಯೋ, ಮನೆಗಳ ಲೆಕ್ಕದಲ್ಲಿಯೋ? ಇಲ್ಲಿನ ಎರಡು ಊರುಗಳ ಕ್ರಮವನ್ನು ನಾನು ಒಂದು ಪುಟದಲ್ಲಿ ಬರೆದು ಕಳಿಸಬಲ್ಲೆ.’

ಇಂಥ ಪತ್ರಕ್ಕೆ ಉತ್ತರ ಬರೆಯುವುದು ಸುಲಭ, ಏಕೆಂದರೆ ಓದುವವರಿಗೆ ಗಿನಿ-ಬಿಸ್ಸಾವಿನ ಲೆಕ್ಕ ಗೊತ್ತಿದ್ದೀತು, ಇಲ್ಲಿನ ಲೆಕ್ಕ ಗೊತ್ತಿರಲಾರದು. ನೀವು ಏನನ್ನಾದರೂ ಕೇಳುವಾಗಲೇ ಏನನ್ನೋ ಕೊಡುತ್ತಲೂ ಇದ್ದೀರಿ. ಎರಡು ವಾರ ಉತ್ತರ ಬರದಿದ್ದರೆ ಮೂರು ಸಾಲಿನ ನೆನಪೋಲೆ ಕಳಿಸಿ. ಮೌನವನ್ನು ತಿರಸ್ಕಾರವೆಂದು ಓದುವ ಚಾಳಿ ಹೊಸಬರಿಗೆಲ್ಲ ಇರುತ್ತದೆ. ಬಹಳ ಸಲ ಅದು ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಮಾತ್ರ.

ಕೊಡುವ ಉತ್ಸಾಹದಲ್ಲಿ ಒಂದು ಎಚ್ಚರಿಕೆ ಅಗತ್ಯ. ಟಿಪ್ಪಣಿ, ಫೋಟೊ ಕಳಿಸುವುದು ಬೇರೆ, ಕಗ್ಗದ ಬೀಜವನ್ನೋ ಅಳಿವೆಯ ಬಳಚಿನ (ಚಿಪ್ಪುಜೀವಿಯ) ಮಾದರಿಯನ್ನೋ ಅಂಚೆಗೆ ಹಾಕುವುದು ಬೇರೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿಯರು ಸಂಶೋಧನೆಗಾಗಿ ಇಲ್ಲಿನ ಜೈವಿಕ ಸಂಪನ್ಮೂಲವನ್ನು ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ರೈತರು ಹೇಳಿದ ತಿಳಿವಳಿಕೆಯನ್ನು ಬರೆಯುವಾಗಲೂ ಅವರ ಒಪ್ಪಿಗೆ ಕೇಳಿ, ಅವರು ಬಯಸಿದರೆ ಅವರ ಹೆಸರನ್ನು ಕಾಣಿಸಿ. ಹೊರಗಿನ ಸಂಘದಲ್ಲಿ ಸ್ಥಾನ ದೊರಕಿಸಿಕೊಳ್ಳುವ ಭರದಲ್ಲಿ ಊರಿನವರ ವಿಶ್ವಾಸವನ್ನು ಕಳೆದುಕೊಂಡರೆ, ಆ ಸಂಘಕ್ಕೆ ಕೊಡಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ಕೆಲಸ ಕೇಳಿ ಪಡೆಯುವುದು

ಪರಿಚಯವಾದ ಮೇಲೆ ಒಂದು ಸಣ್ಣ ಕೆಲಸ ಕೇಳಿ. ಸಭೆಯ ನಡಾವಳಿ ಬರೆಯುವುದು, ಪ್ರಬಂಧಗಳ ಸೂಚಿ ಸಿದ್ಧಪಡಿಸುವುದು, ವಿದ್ಯಾರ್ಥಿಗಳು ಕಳಿಸಿದ ಪ್ರಬಂಧ ಸಾರಾಂಶಗಳನ್ನು ಪರಿಶೀಲಿಸುವುದು, ಮ್ಯಾಂಗ್ರೋವ್ ಜಾತಿಗಳ ಕನ್ನಡ ಮತ್ತು ಕೊಂಕಣಿ ಹೆಸರುಗಳನ್ನು ಪಟ್ಟಿ ಮಾಡುವುದು: ಇವೆಲ್ಲ ಆದಿ ಅಂತ್ಯವಿರುವ ಕೆಲಸಗಳು. ‘ಏನಾದರೂ ಇದ್ದರೆ ತಿಳಿಸಿ’ ಎಂದು ಬರೆದರೆ ಯಾರೂ ತಿಳಿಸುವುದಿಲ್ಲ. ‘ಮುಂದಿನ ಸಭೆಯ ನಡಾವಳಿಯನ್ನು ನಾನು ಬರೆಯಲೇ?’ ಎಂದು ಕೇಳಿದರೆ ಬೇಡವೆನ್ನುವವರು ವಿರಳ. ನಡಾವಳಿ ಬರೆಯುವ ಕೆಲಸವನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಅದನ್ನು ಗುಮಾಸ್ತರ ಕೆಲಸವೆಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ ಯಾರು ಯಾವ ಪಕ್ಷ, ಯಾವ ಹಳೆಯ ಜಗಳ ಇನ್ನೂ ಆರಿಲ್ಲ, ಯಾರ ಮಾತಿಗೆ ತೂಕವಿದೆ ಎಂಬುದೆಲ್ಲ ನಡಾವಳಿ ಬರೆಯುವವರಿಗೆ ತಿಳಿಯುವಷ್ಟು ಬೇಗ ಮತ್ತಾರಿಗೂ ತಿಳಿಯುವುದಿಲ್ಲ. ಕರಡನ್ನು ಕಳಿಸಿದ ಮೇಲೆ ಪ್ರತಿಯೊಬ್ಬರೂ ತಮ್ಮ ಮಾತನ್ನು ತಿದ್ದಿಸಲು ನಿಮಗೇ ಬರೆಯುತ್ತಾರೆ.

ಒಪ್ಪಿಕೊಂಡದ್ದನ್ನು ಹೇಳಿದ ದಿನಕ್ಕೆ ಕೊಡಬೇಕು. ಆಗದಿದ್ದರೆ ಗಡುವಿಗೆ ಮೊದಲೇ ‘ಆಗುವುದಿಲ್ಲ’ ಎಂದು ತಿಳಿಸಬೇಕು. ಎದುರಿನವರಿಗೆ ಬೇಸರವಾದೀತೆಂದು ‘ನೋಡುವಾ’ ಎಂದು ತೇಲಿಸಿಬಿಡುವ ನಮ್ಮ ಕಡೆಯ ದಾಕ್ಷಿಣ್ಯ ಅಲ್ಲಿ ಅರ್ಥವಾಗುವುದಿಲ್ಲ. ಅವರು ಅದನ್ನು ಒಪ್ಪಿಗೆಯೆಂದೇ ತಿಳಿದು ಕಾಯುತ್ತಾರೆ.

ಚರ್ಚೆಯಲ್ಲಿ ಹಿಂದೆ ಬೀಳದಿರಲು ಓದು ಬೇಕು, ಓದಲು ಪತ್ರಿಕೆಗಳು ಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದೊರೆಯುತ್ತಿವೆ. ನಿಮ್ಮ ಕಾಲೇಜು ನೋಂದಣಿಯಾಗಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಖಾಸಗಿ ಕಾಲೇಜಿನವರು ಪ್ರಬಂಧದ ಲೇಖಕರಿಗೇ ಬರೆದು ಪ್ರತಿ ಕೇಳಬಹುದು. ಸಂಘದ ಸದಸ್ಯರಾಗಿರುವುದರ ಒಂದು ಲಾಭವೇ ಹಾಗೆ ಕೇಳುವ ಸಲಿಗೆ.

ಗಡಿಯಾರ, ಕರೆಂಟು, ಮಾತು

ಸಭೆಗಳ ಸಮಯವನ್ನು ಕುರಿತು ನಿಖರವಾಗಿರಬೇಕು. ಲಂಡನ್ನಿನ ಮಧ್ಯಾಹ್ನ 3 ಗಂಟೆ ನಮಗೆ ಚಳಿಗಾಲದಲ್ಲಿ ರಾತ್ರಿ 8:30, ಅವರ ಬೇಸಿಗೆ ವೇಳೆಯಲ್ಲಿ ಸಂಜೆ 7:30. ಯುರೋಪು ಮಾರ್ಚಿನ ಕೊನೆಯ ಭಾನುವಾರ ಗಡಿಯಾರ ಮುಂದೆ ಹಾಕಿದರೆ ಅಮೆರಿಕ ಅದೇ ತಿಂಗಳ ಎರಡನೆಯ ಭಾನುವಾರವೇ ಹಾಕಿಬಿಟ್ಟಿರುತ್ತದೆ. ಆ ನಡುವಿನ ವಾರಗಳಲ್ಲಿ ಸಭೆ ತಪ್ಪಿಸಿಕೊಳ್ಳುವವರು ಬಹಳ. ಆಹ್ವಾನ ಬಂದ ಕೂಡಲೇ ಭಾರತೀಯ ಕಾಲಮಾನಕ್ಕೆ ಲೆಕ್ಕ ಹಾಕಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟದ ಮೇಲೆ ಮರ ಬಿದ್ದು ಲೈನ್ ಹೋಗುವುದು ಹೊಸತಲ್ಲ. ಆ ತಿಂಗಳುಗಳಲ್ಲಿ ಸಭೆಯಿದ್ದರೆ, ನಿಮ್ಮ ಅಭಿಪ್ರಾಯವನ್ನು ಹತ್ತು ಸಾಲುಗಳಲ್ಲಿ ಹಿಂದಿನ ದಿನವೇ ಸಂಚಾಲಕರಿಗೆ ಕಳಿಸಿ, ಸಂಪರ್ಕ ಕಡಿದುಹೋದರೆ ಓದಿ ಹೇಳುವಂತೆ ಕೇಳಿಕೊಳ್ಳಿ. ಮಳೆಗಾಲದ ವಿಷಯವನ್ನು ಒಮ್ಮೆ ವಿವರಿಸಿದರೆ ಸಾಕು, ಪ್ರತಿ ಸಲವೂ ಕ್ಷಮೆ ಕೇಳುವ ಅಗತ್ಯವಿಲ್ಲ.

ಇಂಗ್ಲಿಷಿನ ಅಳುಕು ದೊಡ್ಡದು, ಆದರೆ ಆ ಪರದೆಯ ಮೇಲಿರುವ ಜಪಾನಿಗೂ ಬ್ರೆಜಿಲಿಗೂ ಅದು ಎರಡನೆಯ ಭಾಷೆಯೇ. ಕಾರ್ಯಸೂಚಿಯನ್ನು ಮುಂಚಿತವಾಗಿ ತರಿಸಿಕೊಂಡು, ಮೊದಲ ಹದಿನೈದು ನಿಮಿಷಗಳೊಳಗೆ ಒಂದು ಪ್ರಶ್ನೆಯನ್ನಾದರೂ ಕೇಳಿಬಿಡಿ. ಸಭೆ ಅರ್ಧ ಮುಗಿಯುವವರೆಗೆ ಮೌನವಾಗಿದ್ದವರು ಕೊನೆಯವರೆಗೂ ಮೌನವಾಗಿಯೇ ಇರುತ್ತಾರೆ. ನಿಮ್ಮ ಪ್ರದೇಶವನ್ನು ಪರಿಚಯಿಸುವಾಗ ಭೂಗೋಳದ ಪಾಠ ಬೇಡ. ಪರಿಸರ ಚರಿತ್ರೆಯ ವಿದ್ವಾಂಸರಲ್ಲಿ ಹಲವರಿಗೆ 1983ರಲ್ಲಿ ಶಿರಸಿಯ ಸಾಲ್ಕಣಿ ಭಾಗದಲ್ಲಿ ಹುಟ್ಟಿದ ಅಪ್ಪಿಕೋ ಚಳವಳಿ ಗೊತ್ತಿರುತ್ತದೆ, ಅಲ್ಲಿಂದ ಮಾತು ಆರಂಭಿಸಬಹುದು.

ಊರಿನಲ್ಲೊಂದು ಗುಂಪು

ದೂರದ ಸಂಘದೊಂದಿಗೆ ಒಬ್ಬರೇ ನಂಟು ಉಳಿಸಿಕೊಳ್ಳುವುದು ಕಷ್ಟ. ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ, ಕಾರವಾರದ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಕೇಂದ್ರ, ಕುಮಟಾದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರ, ಶಿರಸಿಯ ಅರಣ್ಯ ಮಹಾವಿದ್ಯಾಲಯ ಒಂದೇ ಜಿಲ್ಲೆಯಲ್ಲಿವೆ. ಕರಾವಳಿಯವರು ರೈಲು ಹಿಡಿದು ಕುಮಟೆಗೆ ಬರಬಹುದು, ಘಟ್ಟದವರು ದೇವಿಮನೆ ಇಳಿದು ಬರಬಹುದು. ಸಮ್ಮೇಳನದ ನೇರಪ್ರಸಾರವನ್ನು ಒಂದು ಕೊಠಡಿಯಲ್ಲಿ ಕುಳಿತು ನೋಡಿ, ಆಮೇಲೆ ಕನ್ನಡದಲ್ಲಿ ಒಂದು ಗಂಟೆ ವಾದ ಮಾಡಿದರೆ ಅಲ್ಲಿ ಹೇಳಿದ್ದರಲ್ಲಿ ಯಾವುದು ನಮಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಆ ವಾದದಿಂದ ಹೊರಟ ಪ್ರಶ್ನೆಯನ್ನು ಎಲ್ಲರ ಹೆಸರಿನಲ್ಲಿ ಕಳಿಸಿ.

ಸಮಿತಿಗೆ ಬಂದ ಮೇಲೆ

ಇಷ್ಟೆಲ್ಲ ಮಾಡಿದವರನ್ನು ಒಂದು ದಿನ ಸಮಿತಿಗೆ ಕರೆಯುತ್ತಾರೆ. ಆಗ ನಿಮಗೆ ಮೊದಲು ಎದುರಾಗಿದ್ದ ಅಡ್ಡಿಗಳನ್ನು ಬೇರೆಯವರಿಗಾಗಿ ತೆಗೆಯುವ ಅವಕಾಶ ನಿಮ್ಮದಾಗುತ್ತದೆ, ಮತ್ತು ಬಹುಪಾಲು ಅಡ್ಡಿಗಳು ದುಡ್ಡಿಲ್ಲದೆಯೇ ತೆಗೆಯಬಹುದಾದವು. ನಮ್ಮ ಸಂಜೆ 6 ಗಂಟೆ ಚಳಿಗಾಲದಲ್ಲಿ ಲಂಡನ್ನಿಗೆ ಮಧ್ಯಾಹ್ನ 12:30, ನ್ಯೂಯಾರ್ಕಿಗೆ ಬೆಳಿಗ್ಗೆ 7:30, ಟೋಕಿಯೊಗೆ ರಾತ್ರಿ 9:30. ಲಾಸ್ ಏಂಜಲೀಸಿಗೆ ಮಾತ್ರ ಬೆಳಗಿನ ಜಾವ 4:30. ಎಲ್ಲರಿಗೂ ಹೊಂದುವ ಒಂದು ವೇಳೆ ಇಲ್ಲವೆಂದಾದರೆ ತೊಂದರೆಯನ್ನು ಸರದಿಯ ಮೇಲೆ ಹಂಚಿ. ಹೊಸ ಸದಸ್ಯರನ್ನು ಸಭೆಯಲ್ಲಿ ಪರಿಚಯಿಸುವ ಮೊದಲು ಅವರ ಹೆಸರನ್ನು ಉಚ್ಚರಿಸುವ ಬಗೆಯನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಿ, ಮತ್ತು ‘ಸ್ವಾಗತ’ ಎಂದು ಹೇಳಿ ಕೂರಿಸುವ ಬದಲು ಅವರಿಗೆ ಮಾತ್ರ ಉತ್ತರ ಗೊತ್ತಿರುವ ಪ್ರಶ್ನೆಯೊಂದನ್ನು ಕೇಳಿ. ಮೊದಲ ಮೂರು ತಿಂಗಳಲ್ಲಿ ಅವರಿಗೊಂದು ಮುಗಿಸಬಹುದಾದ ಕೆಲಸ ಕೊಡಿ. ಮಾಡಿದ ಕೆಲಸಕ್ಕೆ ವರದಿಯಲ್ಲಿ ಹೆಸರು ಹಾಕಿ. ‘ಹಲವರು ಸಹಕರಿಸಿದರು’ ಎಂಬ ವಾಕ್ಯದಷ್ಟು ಉತ್ಸಾಹ ಕುಗ್ಗಿಸುವುದು ಇನ್ನೊಂದಿಲ್ಲ. ಸದಸ್ಯತ್ವ ನವೀಕರಿಸದೆ ಬಿಟ್ಟವರಿಗೆ ವರ್ಷಕ್ಕೊಮ್ಮೆ ಪತ್ರ ಬರೆದು ಕಾರಣ ಕೇಳಿ. ಉಳಿದವರ ಸಮೀಕ್ಷೆಗಿಂತ ಅವರ ಉತ್ತರಗಳಿಂದ ಕಲಿಯುವುದು ಹೆಚ್ಚು.

ನಂಟು ಬೆಳೆದಿದೆಯೇ ಎಂದು ತಿಳಿಯಲು ಸದಸ್ಯರ ಸಂಖ್ಯೆ ನೋಡಬೇಡಿ. ಒಂದು ಸಭೆಗೆ ನೀವು ಬರದಿದ್ದಾಗ ಯಾರಾದರೂ ‘ಏಕೆ ಬರಲಿಲ್ಲ?’ ಎಂದು ಕೇಳಿದರೇ? ನಿಮ್ಮ ಕರಡಿನಲ್ಲಿ ತಪ್ಪಿದೆ ಎಂದು ಯಾರಾದರೂ ಮುಖ ನೋಡದೆ ಹೇಳಿದರೇ? ಹೊಗಳಿಕೆಯಷ್ಟೇ ಬರುತ್ತಿದ್ದರೆ ನೀವಿನ್ನೂ ಅತಿಥಿಗಳು.

ಎರಡು ವರ್ಷ ಹೀಗೆ ಪ್ರಯತ್ನಿಸಿದ ಮೇಲೂ ಪತ್ರಗಳಿಗೆ ಉತ್ತರವಿಲ್ಲ, ಕೇಳಿದ ಕೆಲಸ ಸಿಗುವುದಿಲ್ಲ, ನಮ್ಮಂಥವರಿಂದ ಮಾಹಿತಿ ಪಡೆಯುತ್ತಾರೆಯೇ ಹೊರತು ಲೇಖಕರ ಸಾಲಿನಲ್ಲಿ ಹೆಸರು ಸೇರಿಸುವುದಿಲ್ಲ ಎಂದಾದರೆ, ಆ ಸಂಘವನ್ನು ಬಿಡುವುದೇ ಸರಿ. ಬಿಡುವಾಗ ಕಾರ್ಯದರ್ಶಿಗಳಿಗೆ ಕಾರಣವನ್ನು ಸಭ್ಯವಾಗಿ, ದಿನಾಂಕಗಳ ಸಹಿತ ಬರೆದು ತಿಳಿಸಿ, ಕಾರ್ಡಿನಿಂದ ಪ್ರತಿ ವರ್ಷ ತಾನಾಗಿ ಶುಲ್ಕ ಕಡಿತವಾಗುವ ಏರ್ಪಾಡು ಇದ್ದರೆ ಅದನ್ನು ನವೀಕರಣದ ತಿಂಗಳಿಗೆ ಮೊದಲೇ ರದ್ದುಪಡಿಸಿ. ಆ ಹಣದಲ್ಲಿ ಪ್ರಯತ್ನಿಸಬಹುದಾದ ಇನ್ನೊಂದು, ಬಹುಶಃ ಇನ್ನೂ ಸಣ್ಣ, ಸಂಘ ಇದ್ದೇ ಇರುತ್ತದೆ.